ಅಂಗೈಯಗಲದ ಟೋಪಿ

ಹರಾಜು ಮುಗಿಯಲು ಇನ್ನು ನಾಲ್ಕು ನಿಮಿಷ ಇತ್ತು. ಸೊಸೆಯ ಎದುರಿನ ಕುರ್ಚಿಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಗಾಜಿಲ್ಲದ ಚೌಕಟ್ಟನ್ನು ಮೂಗಿಗೇರಿಸಿಕೊಂಡು, ಗದ್ದ ಎತ್ತಿ, ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂತಿದ್ದರು. ಅವರ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅರವತ್ತಮೂರು ಮಿಲಿಮೀಟರ್ ಎಂದು ಅವಳು ಚೀಟಿಯಲ್ಲಿ ಬರೆದಳು. ಬರೆದು, ಮೇಜಿನ ಕೆಳಗೆ ತೊಡೆಯ ಮೇಲಿಟ್ಟುಕೊಂಡಿದ್ದ ಫೋನನ್ನು ನೋಡಿದಳು. ಮೂರು ನಿಮಿಷ ಐವತ್ತು ಸೆಕೆಂಡು.

ಕನ್ನಡಕದ ಅಂಗಡಿಯಲ್ಲಿ ಅವಳು ಅಳತೆಯ ಮೇಡಂ. ಮನೆಯಲ್ಲಿ ಸೊಸೆ. ಇಲ್ಲಿ ಹೇಳಹೊರಟಿರುವುದು ಮನೆಯ ವಿಷಯವಾದ್ದರಿಂದ ಸೊಸೆ ಎಂದೇ ಇಟ್ಟುಕೊಳ್ಳಬಹುದು.

ಫೋನಿನಲ್ಲಿ ಇದ್ದದ್ದು ಒಂದು ಹಳೆಯ ಟೋಪಿ. ತುಪ್ಪಳ ಒತ್ತಿ ಮಾಡಿದ ಬೂದು ಬಣ್ಣದ ಫೆಲ್ಟ್, ನೆತ್ತಿಯ ಮೇಲೆ ಉದ್ದಕ್ಕೆ ಒಂದು ತಗ್ಗು, ಮುಂದೆ ಎರಡು ಬದಿಯಲ್ಲಿ ಬೆರಳಿನಿಂದ ಚಿವುಟಿದ ಗುರುತು, ಸುತ್ತ ಕಪ್ಪು ರಿಬ್ಬನ್ನು. ಒಳಗಿನ ರೇಷ್ಮೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ಮೊಲಗಳ ಮುದ್ರೆ. ಆ ಮುದ್ರೆಯ ಅಂಗಡಿ ಮುಚ್ಚಿ ಇಪ್ಪತ್ತಾರು ವರ್ಷವಾಗಿತ್ತು. ಮುಚ್ಚುವ ದಿನದವರೆಗೂ ಅಲ್ಲಿ ಗಿರಾಕಿಗಳ ತಲೆಯ ಅಳತೆ ತೆಗೆಯುತ್ತಿದ್ದವರು ಅವಳ ಮಾವ.

ಆರು ಫೋಟೋಗಳಿದ್ದವು. ಕೆಳಗೆ ಮಾರುವವರು ಎರಡೇ ಮಾತು ಬರೆದಿದ್ದರು: ‘ಅಪ್ಪನ ಕಪಾಟಿನಲ್ಲಿ ಸಿಕ್ಕಿದ್ದು. ಯಾರ ತಲೆಗೂ ಆಗುವುದಿಲ್ಲ, ಅಲಂಕಾರಕ್ಕೆ ಇಟ್ಟುಕೊಳ್ಳಬಹುದು.’

ಬೇರೆ ಯಾರಾದರೂ ಇದನ್ನು ಓದಿ ಮುಂದೆ ಹೋಗುತ್ತಿದ್ದರು. ಸೊಸೆ ಮನಸ್ಸಿನಲ್ಲೇ ನಕ್ಕಿದ್ದಳು. ಹಳೆಯ ಟೋಪಿಯೊಳಗಿನ ಚರ್ಮದ ಪಟ್ಟಿ ವರ್ಷಗಟ್ಟಲೆ ಒಣಗಿ ಕುಗ್ಗುತ್ತದೆ, ಕುಗ್ಗುವಾಗ ಟೋಪಿಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ತಲೆಗೆ ಇಳಿಯುವುದಿಲ್ಲ. ಗೊತ್ತಿಲ್ಲದವರು ಕೆಟ್ಟುಹೋಯಿತು ಎನ್ನುತ್ತಾರೆ. ಗೊತ್ತಿದ್ದವರು ಕೆಟಲಿನ ಆವಿ ಹಿಡಿದು, ಮರದ ಅಚ್ಚಿಗೆ ಹಾಕಿ, ಒಂದು ದಿನ ಬಿಡುತ್ತಾರೆ. ಇದನ್ನೆಲ್ಲ ಕಲಿಸಿದವರು ಮಾವನೇ. ಪಾಪ, ಮಾರುವವರಿಗೆ ತಮ್ಮ ಕೈಯಲ್ಲಿರುವುದು ಏನೆಂದೇ ಗೊತ್ತಿಲ್ಲ ಎಂದು ಅವಳು ಮರುಕಪಟ್ಟಿದ್ದಳು.

ಇನ್ನೊಂದು ಅದೃಷ್ಟವೂ ಇತ್ತು. ಹಳೆಯ ಟೋಪಿ ಎಲ್ಲೇ ಹರಾಜಿಗೆ ಬಂದರೂ ಕೊನೆಯ ಗಳಿಗೆಯಲ್ಲಿ ಬಂದು ಇವಳು ಮತ್ತು ಮಾವ ಕೂಗಿದ್ದಕ್ಕಿಂತ ಹೆಚ್ಚಿಗೆ ಕೂಗುವ ಒಬ್ಬನಿದ್ದ. ಮುಖ ಗೊತ್ತಿಲ್ಲ, ಊರು ಗೊತ್ತಿಲ್ಲ. ಮಾವ ಅವನಿಗೆ ‘ದಾಯಾದಿ’ ಎಂದು ಹೆಸರಿಟ್ಟಿದ್ದರು. ಈ ಟೋಪಿಯ ಹತ್ತಿರ ದಾಯಾದಿ ಸುಳಿದೇ ಇರಲಿಲ್ಲ.

“ಮೇಡಂ, ಉಸಿರು ಬಿಡ್ಬಹುದಾ?” ಎಂದರು ಡ್ರಾಯಿಂಗ್ ಮೇಷ್ಟ್ರು.

“ಬಿಡಿ ಸರ್. ಹಾಗೇ ಕಣ್ಣು ಮುಚ್ಕೊಳ್ಳಿ. ನಾನು ಹೇಳಿದಾಗ ಒಂದರಿಂದ ಇಪ್ಪತ್ತು ಎಣಿಸಿ.”

“ಕನ್ನಡಕಕ್ಕೂ ಎಣಿಸೋದಕ್ಕೂ ಏನು ಸಂಬಂಧ?”

“ಇದೆ ಸರ್. ಕಣ್ಣಿಗೆ ವಿಶ್ರಾಂತಿ.”

ಮೇಷ್ಟ್ರು ವಿಧೇಯ ವಿದ್ಯಾರ್ಥಿಯಂತೆ ಎಣಿಸಿದರು. ಕೊನೆಯ ಎಂಟು ಸೆಕೆಂಡಿಗೆ ಮೊದಲು ಬಾಯಿ ಬಿಡುವವನು ದಡ್ಡ ಎನ್ನುವುದು ಮಾವನ ಸೂತ್ರ. ಹನ್ನೆರಡು ಎನ್ನುವಾಗ ಸೊಸೆ ತನ್ನ ಮೊತ್ತ ಒತ್ತಿದಳು. ಇಪ್ಪತ್ತಕ್ಕೆ ಟೋಪಿ ಅವಳದಾಗಿತ್ತು.

“ಸಿಕ್ತು!” ಎಂದುಬಿಟ್ಟಳು.

ಮೇಷ್ಟ್ರು ಕಣ್ಣು ತೆರೆದರು. “ಏನು ಸಿಕ್ತು?”

“ನಿಮ್ಮ ಅಳತೆ ಸರ್.”

*

ಅವಳಿಗೆ ಆ ಟೋಪಿ ಬೇಕೇ ಬೇಕಾಗಿದ್ದಕ್ಕೆ ಕಾರಣ ಒಂಬತ್ತು ವರ್ಷ ಹಳೆಯದು.

ಮದುವೆಯಾಗಿ ಎರಡನೇ ತಿಂಗಳು. ಅತ್ತೆ ಇಲ್ಲದ ಮನೆ; ತಂದೆ-ಮಗ ಇಬ್ಬರೇ ಇದ್ದು ಇದ್ದು ಕಪಾಟುಗಳೆಲ್ಲ ಹಕ್ಕಿಗೂಡಾಗಿದ್ದವು. ಹೊಸ ಸೊಸೆ ಸೊಂಟ ಕಟ್ಟಿ ನಿಂತಳು. ಹಳೆಯ ಬಟ್ಟೆ ಒಯ್ಯುವವರು ಬೀದಿಗೆ ಬಂದಾಗ ಮೂರು ಮೂಟೆ ಕೊಟ್ಟಳು. ಒಂದು ಮೂಟೆಯಲ್ಲಿ ಬೂದು ಟೋಪಿಯೊಂದಿತ್ತು. ಕಪಾಟಿನ ಮೇಲೆ ಅದು ಬೋರಲಾಗಿರದೆ ಅಂಗಾತ ಕೂತಿತ್ತು, ಅದರೊಳಗೆ ಒಂದು ಹಿಡಿ ಗುಂಡಿಗಳು ಇದ್ದವು. ಗುಂಡಿ ಹಾಕಿಡುವ ಹಳೇ ಟೋಪಿ, ಇನ್ನೇನು ಎಂದುಕೊಂಡಳು. ಗುಂಡಿಗಳನ್ನು ಡಬ್ಬಿಗೆ ಸುರಿದಳು. ಒಳಗಿನ ಚರ್ಮದ ಪಟ್ಟಿಯ ಹಿಂದೆ ದಿನಪತ್ರಿಕೆಯ ತುಂಡೊಂದು ಮಡಿಸಿ ತುರುಕಿದ್ದು ಕಂಡಿತು. ಅದನ್ನೂ ಎಳೆದು ಬುಟ್ಟಿಗೆ ಹಾಕಿದಳು.

ಸಂಜೆ ಮಾವ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದರು. ಅದು ಅಂಗಡಿ ಮುಚ್ಚಿದ ದಿನ ಯಜಮಾನರು ಅವರ ಕೈಗೆ ಕೊಟ್ಟ ಟೋಪಿ ಎಂದು ಅವಳಿಗೆ ಆಮೇಲೆ ಗಂಡ ಹೇಳಿದ. ಟೋಪಿಯನ್ನು ಅಂಗಾತವೇ ಇಡಬೇಕು, ಇಲ್ಲದಿದ್ದರೆ ಅಂಚು ಸೊಟ್ಟಗಾಗುತ್ತದೆ ಎನ್ನುವುದೂ ಅವಳಿಗೆ ಗೊತ್ತಾದದ್ದು ಆಮೇಲೆಯೇ. ಗಂಡ ಹೇಳಿದಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು. ಮಾವ ಅವಳನ್ನು ನೋಡಿ, “ಹೋಗ್ಲಿ ಬಿಡಮ್ಮ, ತಲೆ ಇದೆಯಲ್ಲ” ಎಂದರು. ಅಷ್ಟೇ. ಒಂಬತ್ತು ವರ್ಷದಲ್ಲಿ ಆ ವಿಷಯ ಅವರ ಬಾಯಿಗೆ ಮತ್ತೆ ಬರಲಿಲ್ಲ. ಬೈದಿದ್ದರೆ ಅವಳಿಗೆ ಅಂದೇ ಮರೆತುಹೋಗುತ್ತಿತ್ತು.

ಹರಾಜಿನ ಹುಚ್ಚು ಹಿಡಿದದ್ದು ಹಾಗೆ. ಮೊದಲು ಅವಳು ಒಬ್ಬಳೇ ಹುಡುಕುತ್ತಿದ್ದಳು, ಕೊಟ್ಟ ಟೋಪಿಯೇ ಎಲ್ಲಾದರೂ ಮಾರಾಟಕ್ಕೆ ಬಂದೀತು ಎಂದು. ಒಂದು ಶನಿವಾರ ಮಾವ ಹಿಂದೆ ಬಂದು ನಿಂತು, “ಅದು ಮೊಲದ ತುಪ್ಪಳ ಅಲ್ಲ, ಬರೀ ಉಣ್ಣೆ. ಮಳೆ ಬಂದ್ರೆ ಕಂಬಳಿ ಥರ ಆಗುತ್ತೆ” ಎಂದರು. ಮುಂದಿನ ಶನಿವಾರ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಅದು ಪದ್ಧತಿಯಾಯಿತು. ಫೋಟೋ ದೊಡ್ಡದು ಮಾಡಿ ಹುಳ ತಿಂದ ತೂತು ಹುಡುಕುವುದು, ರಿಬ್ಬನ್ನು ಬದಲಾಯಿಸಿದ್ದಾರೆಯೇ ಎಂದು ಬಿಸಿಲಿಗೆ ಮಾಸಿದ ಗೆರೆ ನೋಡುವುದು, ಹೊಲಿಗೆ ಎಣಿಸುವುದು. ವರ್ಷಕ್ಕೆ ನಾಲ್ಕೈದು ಟೋಪಿ ಕೊಳ್ಳುತ್ತಿದ್ದರು. ಮಾವ ಆವಿ ಹಿಡಿದು, ಬ್ರಷ್ ಹಾಕಿ ಮರುಜೀವ ಕೊಡುತ್ತಿದ್ದರು. ನಾಟಕದ ತಂಡದವರು ಬಂದು ಒಯ್ಯುತ್ತಿದ್ದರು. ಎರಡು ಮೊಲದ ಬೂದು ಟೋಪಿ ಮಾತ್ರ ಬಂದಿರಲಿಲ್ಲ. ಅದನ್ನೇ ತಾನು ಕಾಯುತ್ತಿರುವುದು ಎಂದು ಅವಳು ಹೇಳಿರಲಿಲ್ಲ. ಮಾವ ಕೇಳಿರಲಿಲ್ಲ.

ಅಂಗಡಿಯ ಹಳೆಯ ಕೆಲಸಗಾರರಲ್ಲಿ ಈಗ ಉಳಿದವರು ಐವರು. ವರ್ಷಕ್ಕೊಮ್ಮೆ ಒಂದು ಹೋಟೆಲಿನಲ್ಲಿ ಸೇರಿ ಊಟ ಮಾಡುತ್ತಾರೆ. ಅಂಗಡಿಯಲ್ಲಿ ಯಾರ ಕೆಲಸ ಏನಿತ್ತೋ ಅದೇ ಅವರವರ ಹೆಸರು. ರಿಬ್ಬನ್ನು ಸುತ್ತುತ್ತಿದ್ದವರು ರಿಬ್ಬನ್ನು, ಆವಿಯ ಕೋಣೆಯಲ್ಲಿದ್ದವರು ಆವಿ. ಮಾವ ಟೇಪು. ಎಲ್ಲರೂ ಎರಡು ಮೊಲದ ಟೋಪಿ ಹಾಕಿಕೊಂಡೇ ಬರಬೇಕೆಂಬುದು ಕಟ್ಟಳೆ. ಬರಿತಲೆಯಲ್ಲಿ ಬಂದವನಿಗೆ ಶಿಕ್ಷೆ: ಉಳಿದವರ ಟೋಪಿಗಳನ್ನು ಪಕ್ಕದ ಕುರ್ಚಿಯಲ್ಲಿಟ್ಟುಕೊಂಡು ಕಾಯಬೇಕು. ತಮಾಷೆಗೆ ಮಾಡಿಕೊಂಡ ನಿಯಮ. ಆದರೆ ಒಂಬತ್ತು ವರ್ಷವೂ ಕಾದವರು ಒಬ್ಬರೇ.

ಹೋದ ವರ್ಷ ಸೊಸೆ ಅವರನ್ನು ಕರೆತರಲು ಹೋಗಿದ್ದಳು. ನಾಲ್ಕು ಟೋಪಿಗಳ ಪಕ್ಕ ಮಾವ ಕೂತಿದ್ದರು. ರಿಬ್ಬನ್ನು ಕೈ ತೊಳೆಯಲು ಏಳುತ್ತ, “ಟೇಪು, ಕಾವಲು ಬಿಟ್ಟೀಯ ಮತ್ತೆ! ನಿನ್ನ ಟೋಪಿ ಥರ ನಮ್ದೂ ಯಾತ್ರೆ ಹೋದಾವು” ಎಂದರು. ಎಲ್ಲರೂ ನಕ್ಕರು. ಮಾವನೂ ನಕ್ಕರು. ಸೊಸೆಗೆ ನಗಲು ಆಗಲಿಲ್ಲ.

ಈ ವರ್ಷದ ಊಟಕ್ಕೆ ಮೂರು ವಾರ ಇತ್ತು. ಮಾವ ಫೋನಿನಲ್ಲಿ ಹೇಳುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು: “ಈ ಸಲ ನಾನು ಬರಲ್ಲ ಕಣಯ್ಯ. ಮೊಣಕಾಲು.” ಅದೇ ಮೊಣಕಾಲಿನಲ್ಲಿ ಅವರು ದಿನಾ ಬೆಳಿಗ್ಗೆ ನಾಲ್ಕು ಮೈಲಿ ನಡೆಯುತ್ತಿದ್ದರು.

*

ಪಾರ್ಸೆಲನ್ನು ಕನ್ನಡಕದ ಅಂಗಡಿಯ ವಿಳಾಸಕ್ಕೆ ತರಿಸಿದ್ದಳು. ಮಾವನ ಎದುರಿಗೆ ಒಮ್ಮೆಲೇ ಇಟ್ಟು ಅವರ ಮುಖ ನೋಡಬೇಕೆಂದು ಆಸೆ. ಐದು ದಿನವಾಯಿತು, ಆರಾಯಿತು. ದಿನಕ್ಕೆ ಎರಡು ಸಲ ಬಾಗಿಲಲ್ಲಿ ನಿಂತು ಟೋಪಿಯ ಡಬ್ಬದಷ್ಟು ದೊಡ್ಡದು ಏನಾದರೂ ಬಂದೀತೇ ಎಂದು ನೋಡಿದಳು. ಏಳನೇ ದಿನ ಫೋನಿಗೆ ಸಂದೇಶ ಬಂತು: ನಿಮ್ಮ ವಸ್ತು ಎರಡು ದಿನದ ಹಿಂದೆಯೇ ತಲುಪಿದೆ, ತೃಪ್ತಿಯಾಯಿತೇ?

ಅಂಗಡಿಯೆಲ್ಲ ತಡಕಾಡಿದಳು. ಕೊನೆಗೆ ಸಿಕ್ಕಿದ್ದು ಲೆನ್ಸಿನ ಡ್ರಾಯರಿನಲ್ಲಿ. ಅಂಗೈಗಿಂತ ಸ್ವಲ್ಪ ದೊಡ್ಡ ಪೊಟ್ಟಣ. ಕಾರ್ಖಾನೆಯಿಂದ ಲೆನ್ಸ್ ಬಂದಿದೆ ಎಂದುಕೊಂಡು ಅವಳೇ ಸಹಿ ಹಾಕಿ, ಅವಳೇ ಒಳಗಿಟ್ಟಿದ್ದಳು.

ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಳು. ಮಾವ ತಮ್ಮ ಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಕಾಗದದೊಳಗೆ ಒಂದು ದುಂಡನೆಯ ಪುಟ್ಟ ಡಬ್ಬ, ಡಬ್ಬದೊಳಗೆ ಟೋಪಿ. ಬೂದು ಫೆಲ್ಟ್, ಕಪ್ಪು ರಿಬ್ಬನ್ನು, ಒಳಗೆ ಎರಡು ಮೊಲ. ಫೋಟೋದಲ್ಲಿ ಇದ್ದದ್ದೆಲ್ಲ ಇತ್ತು. ಆದರೆ ಒಟ್ಟು ಉದ್ದ ಹನ್ನೆರಡು ಸೆಂಟಿಮೀಟರ್. ಬೆಕ್ಕಿಗೂ ಬಿಗಿಯಾಗುವಂಥದ್ದು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆಗಷ್ಟೇ ಕೆಲಸ ಮುಗಿಸಿ ಬಂದು ಕೈಯ ಗ್ರೀಸು ಒರೆಸುತ್ತ ಇಣುಕಿದ.

“ಏನೇ ಇದು? ಆವಿ ಜಾಸ್ತಿ ಹಿಡಿದ್ಬಿಟ್ರಾ?”

“ರೀ, ಸುಮ್ನಿರಿ.”

“ಎಷ್ಟು ಕೊಟ್ಟೆ?”

ಹೇಳಿದಳು. ಅವನು ಕುರ್ಚಿ ಹಿಡಿದುಕೊಂಡ.

“ಅಷ್ಟಕ್ಕೆ ತಲೆನೂ ಸೇರಿಸಿ ಕೊಡ್ತಾರಲ್ಲೇ! ಅಲ್ಲ, ದಿನಕ್ಕೆ ಮೂವತ್ತು ಜನದ ಮುಖ ಅಳೀತೀಯ. ಇದೊಂದು ಅಳತೆ ಕೇಳ್ಬಾರದಿತ್ತಾ? ಮಾವನ ತಲೆಗೆ ಟೋಪಿ ತರೋಕೆ ಹೋಗಿ ನೀನೇ ಹಾಕಿಸ್ಕೊಂಡು ಬಂದೆಯಲ್ಲ!”

ಅವನ ನಗು ದೊಡ್ಡದು. ಡಿಪೋದಲ್ಲಿ ಇಂಜಿನ್ನುಗಳ ಮೇಲೆ ಕೇಳಿಸಬೇಕಾದ ನಗು. ಮಾವನಿಗೆ ಎಚ್ಚರವಾಯಿತು. ಬಾಗಿಲಲ್ಲಿ ಬಂದು ನಿಂತು ಮೇಜಿನ ಕಡೆ ನೋಡಿದರು. ಸೊಸೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅವರಿಗೆ ಕಂಡಾಗಿತ್ತು.

ಅವರು ನಗಲಿಲ್ಲ. ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದರು. ಒಣಬಟ್ಟೆಯಲ್ಲಿ ಒಂದೊಂದು ಬೆರಳೂ ಒರೆಸಿಕೊಂಡರು. ಕನ್ನಡಕ ಹಾಕಿಕೊಂಡು, ಪುಟ್ಟ ಟೋಪಿಯನ್ನು ಅಂಚಿನಲ್ಲಿ ಎರಡು ಬೆರಳಿನಿಂದ ಎತ್ತಿದರು. ನೆತ್ತಿ ಚಿವುಟಿ ಟೋಪಿ ಎತ್ತುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇಷ್ಟು ಚಿಕ್ಕದನ್ನೂ ಹಾಗೆ ಎತ್ತಲಿಲ್ಲ.

“ಎಲ್ಲಿ ಸಿಕ್ತು ಇದು?”

ಸೊಸೆ ಎಲ್ಲವನ್ನೂ ಹೇಳಿದಳು. ಯಾರ ತಲೆಗೂ ಆಗುವುದಿಲ್ಲ ಎಂದು ಬರೆದದ್ದನ್ನು ಚರ್ಮ ಕುಗ್ಗಿದೆ ಎಂದು ಓದಿಕೊಂಡದ್ದನ್ನೂ ಹೇಳಿದಳು. “ಬೇರೆಯವರಾಗಿದ್ರೆ ಬರೆದಿದ್ದನ್ನ ಹಾಗೇ ನಂಬ್ತಿದ್ರು ಮಾವ. ನೀವು ಕಲಿಸಿದ್ದೇ ಜಾಸ್ತಿ ಆಯ್ತು.”

“ಹೊಲಿಗೆ ಎಣಿಸಿದೆಯಾ?”

“ಎಣಿಸ್ದೆ. ಕಮ್ಮಿ ಇತ್ತು. ಮೊದಮೊದಲಿನ ಕಾಲದ್ದು, ಆಗ ಹೊಲಿಗೆ ದೂರದೂರ ಹಾಕ್ತಿದ್ರೇನೋ ಅಂದ್ಕೊಂಡೆ.”

“ಟೋಪಿ ಚಿಕ್ಕದು ಮಾಡಬಹುದು. ಸೂಜಿ ಚಿಕ್ಕದು ಮಾಡೋಕಾಗುತ್ತಾ?” ಈಗ ಅವರ ಮೀಸೆಯಡಿಯಲ್ಲಿ ನಗು ಬಂತು. “ದಾಯಾದಿ ಬಂದಿದ್ನಾ?”

“ಇಲ್ಲ.”

“ಎಲ್ಲಿ ಬರ್ತಾನೆ! ಅವನು ಎಣಿಸಿರ್ತಾನೆ.”

ಮಾವ ಕುರ್ಚಿಯಲ್ಲಿ ಕೂತರು. ರಿಬ್ಬನ್ನಿನ ಗಂಟನ್ನು ಉಗುರಿನಿಂದ ಸ್ವಲ್ಪ ಎತ್ತಿ ಒಳಗೆ ನೋಡಿದರು.

“ತೂತಿಲ್ಲ. ಅಂದ್ರೆ ಇದನ್ನ ಅಂಗಡಿಗೆ ತಂದೇ ಇಲ್ಲ.”

“ಯಾಕೆ ತರಬೇಕು?” ಎಂದ ಮಗ.

“ನಿನಗೆ ಎಷ್ಟು ಸಲ ಹೇಳಿದ್ದೀನೋ ಇದನ್ನ. ನಿನ್ನ ಕಿವಿಗೂ ಗ್ರೀಸು ಹೋಗಿದೆ.” ಮಾವ ಸೊಸೆಯ ಕಡೆ ತಿರುಗಿದರು. “ನೋಡಮ್ಮ, ಗಂಡನಿಗೋ ಅಪ್ಪನಿಗೋ ಗುಟ್ಟಾಗಿ ಒಂದು ಟೋಪಿ ಕೊಡಬೇಕು ಅಂತ ಯಾರೋ ಅಂಗಡಿಗೆ ಬರ್ತಾರೆ. ತಲೆ ಅಳತೆ ಎಷ್ಟು ಅಂತ ನಾನು ಕೇಳ್ತೀನಿ. ಅವರಿಗೆ ಗೊತ್ತಿರಲ್ಲ. ಮನೇಲಿ ಕೇಳಿದ್ರೆ ಗುಟ್ಟು ಒಡೆದುಹೋಗುತ್ತೆ. ಅದಕ್ಕೆ ನಮ್ಮ ಯಜಮಾನರು ಮಾಡಿದ್ದು ಈ ಮರಿಟೋಪಿ. ದುಡ್ಡು ಕೊಟ್ಟು ಇದನ್ನ ತಗೊಂಡು ಹೋಗೋರು. ಉಡುಗೊರೆ ಅಂತ ಇದನ್ನೇ ಕೊಡೋರು. ತಗೊಂಡೋರು ಇದನ್ನ ಹಿಡ್ಕೊಂಡು ಅಂಗಡಿಗೆ ಬಂದ್ರೆ ನಾನು ಅಳತೆ ತೆಗೀತಿದ್ದೆ, ಅವರ ತಲೆಗೆ ಸರಿಯಾಗಿ ದೊಡ್ಡ ಟೋಪಿ ಮಾಡಿಕೊಡ್ತಿದ್ವಿ. ಮರಿಟೋಪಿ ಅಂಗಡಿಗೆ ವಾಪಸ್ಸು. ರಿಬ್ಬನ್ನಿನ ಗಂಟಿನ ಕೆಳಗೆ ಒಂದು ತೂತು ಹೊಡೆದಿಡೋದು, ಕೊಟ್ಟಾಯ್ತು ಅನ್ನೋದಕ್ಕೆ ಗುರುತು.”

“ಹಾಗಾದ್ರೆ ಇದನ್ನ ಯಾರೋ ತೆಗೆದಿಟ್ಟು ಮರೆತಿದ್ದಾರೆ.”

“ಮರೆತಿರಬಹುದು. ಇಲ್ಲ, ಚಿಕ್ಕದೇ ಚೆನ್ನಾಗಿದೆ ಅಂತ ಕೊಡೋಕೆ ಮನಸ್ಸು ಬರದೇ ಇರಬಹುದು. ಅಂಥೋರೂ ಇದ್ರು.” ಮಾವ ಟೋಪಿಯನ್ನು ಮೇಜಿನ ಮೇಲೆ ಅಂಗಾತ ಇಟ್ಟರು. “ಈಗ ಹೇಳು. ನೀನು ಇದನ್ನ ಯಾರಿಗೆ ಅಂತ ತಗೊಂಡೆ?”

“ನಿಮಗೆ. ಊಟಕ್ಕೆ ಹೋಗೋವಾಗ ಹಾಕ್ಕೊಳ್ಳಲಿ ಅಂತ.” ಅವಳು ಪೊಟ್ಟಣದ ಕಾಗದವನ್ನು ಮಡಿಸತೊಡಗಿದಳು. “ನಾನೇ ಅಲ್ವಾ ಅದನ್ನ ಮೂಟೆಗೆ ಹಾಕಿದ್ದು.”

ಮಾವ ಆ ಮಾತನ್ನು ಕೇಳಿಸಿಕೊಳ್ಳದವರ ಹಾಗೆ ದಾಟಿಸಿದರು. “ನನ್ನ ತಲೆ ಅಳತೆ ಎಷ್ಟು?”

ಸೊಸೆ ಬಾಯಿ ತೆರೆದಳು. ಬೀದಿಯ ಅರ್ಧ ಜನದ ಕಣ್ಣಿನ ಅಂತರ ಅವಳಿಗೆ ಬಾಯಿಪಾಠವಿತ್ತು. ಒಂಬತ್ತು ವರ್ಷ ಈ ತಲೆಗೆಂದು ಟೋಪಿ ಹುಡುಕಿದ್ದಳು. ಅದರ ಅಳತೆಯನ್ನು ಒಂದು ದಿನವೂ ಕೇಳಿರಲಿಲ್ಲ. ಕೇಳಿದರೆ ಹುಡುಕುತ್ತಿರುವುದು ಏನೆಂದು ಮಾವನಿಗೆ ತಿಳಿದುಬಿಡುತ್ತಿತ್ತು.

“ಗೊತ್ತಿಲ್ಲ” ಎಂದಳು.

“ಮತ್ತೆ? ಸರಿಯಾದ್ದನ್ನೇ ತಂದಿದ್ದೀಯಲ್ಲ! ಗುಟ್ಟಾಗಿ ಕೊಡಬೇಕು ಅಂತಿದ್ದೆ, ಅಳತೆ ಗೊತ್ತಿರಲಿಲ್ಲ. ಅಂಥೋರಿಗೆ ಅಂತಲೇ ಮಾಡಿರೋದು ಇದು.”

ಮಗ ನಗುವುದನ್ನು ನಿಲ್ಲಿಸಿದ್ದ. “ಅಪ್ಪಾ, ಸುಮ್ನೆ ಕೇಳ್ತೀನಿ, ಎಷ್ಟು ನಿಮ್ಮ ಅಳತೆ?”

“ನಂಗೇನು ಗೊತ್ತು? ನಾನು ಎಲ್ಲರದ್ದೂ ಅಳೀತಿದ್ದೆ. ನನ್ನದನ್ನ ಅಳೆಯೋನು ಯಾರು ಅಲ್ಲಿ? ಕೆಲಸ ಮಾಡೋ ಕಾಲದಲ್ಲಿ ನನಗೆ ಟೋಪಿ ಕೊಳ್ಳೋ ಯೋಗ್ಯತೆ ಇರಲಿಲ್ಲ. ಕೊನೇ ದಿನ ಯಜಮಾನರು ಶೆಲ್ಫಲ್ಲಿ ಉಳಿದಿದ್ದನ್ನ ಒಬ್ಬೊಬ್ಬರಿಗೆ ಒಂದೊಂದು ಕೊಟ್ರು. ನನಗೆ ಬಂದಿದ್ದು ಎರಡು ನಂಬರ್ ಆದ್ರೂ ದೊಡ್ಡದಿರಬೇಕು. ಹಾಕ್ಕೊಂಡ್ರೆ ಕಿವಿ ಮೇಲೆ ಕೂರ್ತಿತ್ತು. ಪೇಪರ್ ಮಡಿಸಿ ತುರುಕಿದ್ದೆ.”

ಸೊಸೆಗೆ ಬುಟ್ಟಿಗೆ ಹಾಕಿದ ದಿನಪತ್ರಿಕೆಯ ತುಂಡು ನೆನಪಾಯಿತು.

*

ಮರುದಿನ ಭಾನುವಾರ. ಮಾವ ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಅಡುಗೆಮನೆಯ ಬಾಗಿಲನ್ನು ಬೆರಳಿನಿಂದ ಬಡಿದರು. ಬಾಗಿಲು ತೆರೆದೇ ಇತ್ತು. ಒಂದು ಕೈಯಲ್ಲಿ ಮರಿಟೋಪಿ, ಇನ್ನೊಂದು ಕೈಯಲ್ಲಿ ಅಂಗಡಿಯ ಕಾಲದ ಟೇಪು.

“ಅಂಗಡಿ ತೆಗೆದಿದೆಯಾ?”

ಸೊಸೆ ಸೌಟು ಕೆಳಗಿಟ್ಟಳು. “ಬನ್ನಿ ಸರ್, ಕೂತ್ಕೊಳ್ಳಿ.”

“ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಯಾರೂ ತಮ್ಮ ಟೋಪಿ ತಾವೇ ಮಾಡ್ಕೋಬಾರದು. ಮಾಡ್ಕೊಂಡೋರು ತಪ್ಪನ್ನ ಒಪ್ಕೊಳ್ಳಲ್ಲ. ಅದಕ್ಕೆ ನಾನು ಕೂರೋದು, ನೀನು ಮಾಡೋದು. ಬಾಯಿ ಮಾತ್ರ ನಂದು.”

ಅವಳು ಟೇಪನ್ನು ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು, ಕಿವಿಗಳ ಮೇಲಿನಿಂದ ಹಿಂದಕ್ಕೆ ತಂದಳು. ಇಷ್ಟು ಹತ್ತಿರದಿಂದ ಈ ತಲೆಯನ್ನು ನೋಡಿರಲಿಲ್ಲ. ಎಡಗಿವಿಯ ಹಿಂದೆ ಒಂದು ಹಳೆಯ ಗಾಯದ ಗೆರೆ ಇತ್ತು. ಕೂದಲು ಅಲ್ಲಿ ಬೆಳೆದಿರಲಿಲ್ಲ.

“ಬಿಗಿ ಹಿಡಿಬೇಡ. ಗಿರಾಕಿ ನಗೋವಾಗ ತಲೆ ಸ್ವಲ್ಪ ದಪ್ಪ ಆಗುತ್ತೆ.”

“ನಿಜವಾಗ್ಲೂ?”

“ಇಲ್ಲ. ಆದ್ರೆ ಹಾಗಂದ್ರೆ ನಗ್ತಾರೆ. ನಕ್ಕಾಗ ಕತ್ತು ಸಡಿಲ ಬಿಡ್ತಾರೆ. ಆಗ ಅಳತೆ ಸರಿಯಾಗಿ ಸಿಗುತ್ತೆ.”

ಅವರೇ ನಕ್ಕರು. ಐವತ್ತೇಳು ಸೆಂಟಿಮೀಟರ್. ಅವಳು ಎರಡು ಸಲ ನೋಡಿ ಚೀಟಿಯಲ್ಲಿ ಬರೆದಳು. ಕನ್ನಡಕದ ಅಂಗಡಿಯ ಅಭ್ಯಾಸಕ್ಕೆ ಐನೂರ ಎಪ್ಪತ್ತು ಮಿಲಿಮೀಟರ್ ಎಂದೇ ಬರೆದಳು.

ಫೆಲ್ಟಿಗೆ ಅಲೆಯಬೇಕಾಗಿರಲಿಲ್ಲ. ಹೋದ ವರ್ಷ ಕೊಂಡಿದ್ದ, ಅಂಚು ತೀರ ಅಗಲವೆಂದು ನಾಟಕದವರೂ ಬೇಡವೆಂದಿದ್ದ ಬೂದು ಟೋಪಿಯೊಂದಿತ್ತು. ಮೊಲದ ತುಪ್ಪಳದ್ದು, ಒಳ್ಳೆಯ ಮಾಲು, ಆದರೆ ಅರವತ್ತೊಂದರ ತಲೆಗೆ ಮಾಡಿದ್ದು. ಮರದ ಅಚ್ಚು ಮಂಚದ ಕೆಳಗಿನಿಂದ ಬಂತು. ಸಂಜೆ ಕೆಲಸದಿಂದ ಬಂದ ಮೇಲೆ ಒಂದೊಂದು ಗಂಟೆಯಂತೆ ಹನ್ನೆರಡು ಸಂಜೆ ಹಿಡಿಯಿತು. ರಿಬ್ಬನ್ನು ಬಿಚ್ಚಿದ್ದು, ಒಳಗಿನ ಚರ್ಮ ತೆಗೆದದ್ದು, ಕೆಟಲಿನ ಮೂತಿಗೆ ಹಿಡಿದು ಫೆಲ್ಟು ಮೆತ್ತಗಾದಾಗ ಅಚ್ಚಿನ ಮೇಲೆಳೆದು ದಾರ ಬಿಗಿದದ್ದು, ಅಂಚನ್ನು ಆರು ಸೆಂಟಿಮೀಟರಿಗೆ ಕತ್ತರಿಸಿದ್ದು. ಮಾವ ಎದುರಿಗೆ ಕೂತು ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡಿರುತ್ತಿದ್ದರು. ಹೊರಗಿದ್ದರೆ ಅವು ತಾವಾಗಿ ಟೋಪಿಯ ಕಡೆ ಹೋಗುತ್ತಿದ್ದವು.

“ಎಳೀಬೇಡ, ಒತ್ತು. ಅದೇನು ಹಗ್ಗ ಜಗ್ಗಾಟನಾ?”

“ಒತ್ತಿದ್ರೆ ಸುಡುತ್ತೆ ಮಾವ.”

“ನಮ್ಮ ಆವಿ ಇದ್ದಾನಲ್ಲ, ಅವನ ಬೆರಳು ನೋಡಿದ್ದೀಯಾ? ಹತ್ತರಲ್ಲೂ ಗೆರೆ ಇಲ್ಲ. ಕಳ್ಳತನ ಮಾಡಿದ್ರೂ ಸಿಕ್ಕಿಬೀಳ್ತಿರಲಿಲ್ಲ.”

ಒಮ್ಮೆ ಫೆಲ್ಟು ಒಂದು ಕಡೆ ಸುಕ್ಕುಗಟ್ಟಿತು. ಸೊಸೆ ಕೆಟಲನ್ನು ಕುಕ್ಕಿ, “ನನ್ನ ಕೈಲಿ ಆಗಲ್ಲ, ನೀವೇ ಮಾಡ್ಕೊಳ್ಳಿ” ಎಂದಳು. ಮಾವ ಕೆಟಲಿಗೆ ನೀರು ತುಂಬಿಸಿ ಮತ್ತೆ ಒಲೆಯ ಮೇಲಿಟ್ಟು ಬಂದು ಕೂತರು. ನೀರು ಕುದಿಯುವಷ್ಟರಲ್ಲಿ ಅವಳ ಸಿಟ್ಟು ಇಳಿದಿತ್ತು.

ರಿಬ್ಬನ್ನು ಕೊನೆಯ ಕೆಲಸ. ಟೋಪಿಯನ್ನು ಮಾವನ ತಲೆಯ ಮೇಲಿಟ್ಟು, ಎದುರಿಗೆ ಸ್ಟೂಲಿನ ಮೇಲೆ ಕೂತು, ಕನ್ನಡಕ ಸರಿಮಾಡುವಾಗ ನೋಡುವ ಹಾಗೆ ತಲೆ ಓರೆ ಮಾಡಿ ನೋಡಿದಳು. “ಗಂಟು ಎಡಗಡೆ ಅಲ್ವಾ?”

“ಗಂಡಸರದ್ದು ಎಡಗಡೆ.”

ಅವಳು ಗುಂಡುಸೂಜಿ ಚುಚ್ಚಿದಳು. ಮಾವ ಒಂದು ಕ್ಷಣ ಅವಳ ಕೈಯನ್ನು ನೋಡಿದರು. ತೊಡೆಯ ಕೆಳಗಿನಿಂದ ಒಂದು ಕೈ ಹೊರಗೆ ಬಂದು, ಮತ್ತೆ ಒಳಗೆ ಹೋಯಿತು.

“ಸರಿಯಾಗಿದೆಯಾ?”

“ಹೊಲಿ.”

ಎರಡು ಮೊಲದ ಮುದ್ರೆ ಹೊಸ ಟೋಪಿಗೆ ಇರಲಿಲ್ಲ. ಅದಿಲ್ಲದೆ ಕಾವಲು ತಪ್ಪೀತೇ ಎಂದು ಸೊಸೆ ಕೇಳಿದ್ದಳು. ಊಟದ ದಿನ ಮಾವ ಮರಿಟೋಪಿಯನ್ನು ಡಬ್ಬದ ಸಮೇತ ಕೋಟಿನ ಜೇಬಿಗೆ ಹಾಕಿಕೊಂಡರು. ಆ ಬೆಳಿಗ್ಗೆ ಮೊಣಕಾಲಿನ ಸುದ್ದಿ ಬರಲಿಲ್ಲ.

*

ಊಟದಿಂದ ಅವರು ಬಂದಾಗ ನಾಲ್ಕು ಗಂಟೆ. ಟೋಪಿ ತಲೆಯ ಮೇಲೇ ಇತ್ತು. ಬಸ್ಸಿನಲ್ಲೂ ತೆಗೆದಿರಲಿಲ್ಲವಂತೆ. ಅಡುಗೆಮನೆಯ ಕುರ್ಚಿಯಲ್ಲಿ ಕೂತು ನೀರು ಕುಡಿದರು. ಗಂಡ-ಹೆಂಡತಿ ಇಬ್ಬರೂ ಎದುರಿಗೆ ಬಂದು ಕೂತರು.

“ಏನಂದ್ರು? ಹೇಳಿ ಬೇಗ.”

“ಬಾಗಿಲಲ್ಲೇ ಪಂಚಾಯ್ತಿ ಆಯ್ತು. ಮುದ್ರೆ ಇಲ್ಲ, ಈ ಟೋಪಿ ನಡೆಯಲ್ಲ ಅಂದ ಆವಿ. ನಾನು ಜೇಬಿಂದ ಮರಿಟೋಪಿ ತೆಗೆದು ಮೇಜಿನ ಮೇಲಿಟ್ಟೆ. ಅಂಗಡಿ ಲೆಕ್ಕದಲ್ಲೇ ಅಳತೆ ತೆಗೆಸಿ ಮಾಡಿಸಿದ್ದು ಅಂದೆ. ಎಲ್ಲರೂ ಅದನ್ನ ಕೈಯಿಂದ ಕೈಗೆ ದಾಟಿಸಿ ನೋಡಿದ್ರು. ಅರ್ಧ ಗಂಟೆ ಯಾರೂ ಊಟಕ್ಕೆ ಕೈ ಹಾಕಲಿಲ್ಲ.”

“ಕಾವಲು?”

“ರಿಬ್ಬನ್ನಿನದು. ಮಗಳ ಮನೆಯಿಂದ ನೇರ ಬಂದ, ಟೋಪಿ ಮನೇಲೇ ಬಿಟ್ಟಿದ್ದ. ಕೂರಿಸಿದ್ವಿ ಅವನನ್ನೇ!” ಮಾವ ತೊಡೆ ತಟ್ಟಿಕೊಂಡು ನಕ್ಕರು. “ಕೂತವನು ಸುಮ್ಮನೆ ಕೂರಲಿಲ್ಲ. ನನ್ನ ಟೋಪಿ ತಿರುಗಿಸಿ ತಿರುಗಿಸಿ ನೋಡಿ, ‘ಯಾರಯ್ಯ ಹೊಲಿದಿದ್ದು?’ ಅಂದ. ಸೊಸೆ ಅಂದೆ. ‘ಹೊಲಿಗೆ ನನಗಿಂತ ಸಣ್ಣ, ಆದ್ರೆ...’ ಅಂದ. ನಾನು ಮೇಜಿನ ಕೆಳಗೆ ಕಾಲು ತುಳಿದೆ.”

“ಆದ್ರೆ ಏನು?”

ಮಾವ ನೀರಿನ ಲೋಟ ನೋಡಿದರು. ಸೊಸೆ ಎದ್ದು ಅವರ ಹಿಂದೆ ಹೋಗಿ ನಿಂತಳು. ಮೊದಲ ಸಲ ಆ ಟೋಪಿಯನ್ನು ಹಿಂದಿನಿಂದ ನೋಡಿದಳು. ರಿಬ್ಬನ್ನಿನ ಗಂಟು ಬಲಗಡೆ ಇತ್ತು. ಹೆಂಗಸರ ಟೋಪಿಯಲ್ಲಿ ಇರುವ ಕಡೆ.

“ಅಯ್ಯೋ ಮಾವ! ನೀವು ನೋಡ್ತಾ ಇದ್ರಲ್ಲ! ಯಾಕೆ ಹೇಳಲಿಲ್ಲ?”

“ನೀನು ಎದುರಿಗೆ ಕೂತು ನೋಡಿದೆ. ನಿನ್ನ ಕಡೆಯಿಂದ ಅದು ಎಡಗಡೆನೇ ಅಲ್ವಾ?”

“ಕೊಡಿ ಇಲ್ಲಿ, ಈಗ್ಲೇ ಬಿಚ್ಚಿ ಹೊಲೀತೀನಿ.”

“ಮುಟ್ಟಬೇಡ.” ಮಾವ ಅಂಚನ್ನು ಹಿಡಿದುಕೊಂಡರು. ಮಗ ಬಾಯಿ ತೆರೆದ. “ನೀನೂ ಏನೂ ಅನ್ನಬೇಡ” ಎಂದರು ಅವನಿಗೆ.

ಆಮೇಲೆ ಟೋಪಿ ತೆಗೆದು ಮೇಜಿನ ಮೇಲೆ ಅಂಗಾತ ಇಟ್ಟರು. ಹಣೆಯ ಮೇಲೆ ಚರ್ಮದ ಪಟ್ಟಿಯ ಗುರುತು ತೆಳ್ಳಗೆ, ಸುತ್ತಲೂ ಒಂದೇ ಸಮನಾಗಿ ಬಿದ್ದಿತ್ತು. ಅವರು ಕೋಣೆಗೆ ಹೋಗಿ ಚರ್ಮಕ್ಕೆ ತೂತು ಹೊಡೆಯುವ ಹಳೆಯ ಇಕ್ಕಳ ತಂದರು. ಮರಿಟೋಪಿಯ ಗಂಟನ್ನು ಉಗುರಿನಿಂದ ಎತ್ತಿ, ಕೆಳಗೆ ಒಂದು ತೂತು ಹೊಡೆದರು. ಎಳ್ಳಿನಷ್ಟು ಬೂದು ಚೂರು ಮೇಜಿನ ಮೇಲೆ ಬಿತ್ತು.

“ತಗೋ. ಇದು ಅಂಗಡಿಯವರಿಗೆ ಸೇರಬೇಕಾದ್ದು.”

ಸೊಸೆ ಎರಡು ಬೆರಳಿನಿಂದ ಅಂಚು ಹಿಡಿದು ತೆಗೆದುಕೊಂಡಳು. ಈಗ ಅದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಅಂಗಾತ ಕೂತಿದೆ. ಅದರೊಳಗೆ ಹನ್ನೊಂದು ಗುಂಡಿಗಳು ಹಿಡಿಯುತ್ತವೆ. ಕಪಾಟಿನ ಮೇಲಿನ ದೊಡ್ಡದರೊಳಗೆ ಏನನ್ನೂ ಹಾಕಬಾರದೆಂದು ಅವಳೇ ಒಂದು ಚೀಟಿ ಅಂಟಿಸಿದ್ದಾಳೆ.